ಬಲ, ಚಲನೆ, ಶಕ್ತಿ, ಸಂವೇಗ: ಸೂತ್ರಕ್ಕೆ ಕೈ ಹಾಕುವ ಮೊದಲು ಮಾಡಬೇಕಾದ ಕೆಲಸಗಳು

ಮೊದಲ ಪಿಯುಸಿಯ ಭೌತಶಾಸ್ತ್ರದಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ನ್ಯೂಟನ್‌ನ ಮೂರೂ ನಿಯಮ ಬಾಯಿಪಾಠ ಆಗಿರುತ್ತದೆ. ಸೂತ್ರಗಳ ಪಟ್ಟಿ ಗೋಡೆಗೆ ಅಂಟಿರುತ್ತದೆ. ಆದರೂ ಇಳಿಜಾರಿನ ಮೇಲೆ ಒಂದು ಪೆಟ್ಟಿಗೆ ಇಟ್ಟು ಪ್ರಶ್ನೆ ಕೇಳಿದರೆ ಉತ್ತರ ತಪ್ಪುತ್ತದೆ. ರಫ್ ಹಾಳೆ ನೋಡಿದರೆ ಕಾರಣ ಗೊತ್ತಾಗುತ್ತದೆ. ಮೊದಲ ಸಾಲಿನಲ್ಲೇ ಸೂತ್ರ, ಎರಡನೇ ಸಾಲಿನಲ್ಲಿ ಅಂಕಿ. ಚಿತ್ರ ಎಲ್ಲೂ ಇಲ್ಲ.

ಕೆಳಗಿನ ಎಂಟು ಹಂತಗಳಲ್ಲಿ ಸೂತ್ರ ಬರುವುದು ಏಳನೆಯದರಲ್ಲಿ. ಬೇಕೆಂದೇ ಹಾಗಿಟ್ಟಿದ್ದೇನೆ. ಸಿಇಟಿ, ನೀಟ್‌ನಲ್ಲಿ ಇಷ್ಟಕ್ಕೆಲ್ಲ ಟೈಮ್ ಎಲ್ಲಿದೆ ಅಂತ ಕೇಳಬಹುದು. ಮೊದಮೊದಲು ನಿಧಾನವಾಗುವುದು ನಿಜ. ಕೈ ಪಳಗಿದ ಮೇಲೆ ಚಿತ್ರಕ್ಕೆ ಅರ್ಧ ನಿಮಿಷ ಸಾಕು. ತಪ್ಪು ಸೂತ್ರ ಹಿಡಿದು ಎರಡು ಸಲ ಲೆಕ್ಕ ಮಾಡುವುದಕ್ಕಿಂತ ಅದು ಕಡಿಮೆಯೇ.

ಉದ್ದಕ್ಕೂ ಒಂದೇ ಲೆಕ್ಕವನ್ನು ಜೊತೆಗೆ ಇಟ್ಟುಕೊಳ್ಳೋಣ. 30 ಡಿಗ್ರಿ ಇಳಿಜಾರಾಗಿ ಇಟ್ಟ 10 ಮೀಟರ್ ಉದ್ದದ ಹಲಗೆ. ಅದರ ಮೇಲ್ತುದಿಯಿಂದ 5 ಕೆಜಿಯ ಪೆಟ್ಟಿಗೆ ನಿಂತ ಸ್ಥಿತಿಯಿಂದ ಜಾರಲು ಶುರುಮಾಡುತ್ತದೆ. ಜಾರುವಾಗಿನ ಘರ್ಷಣಾ ಗುಣಾಂಕ 0.2. ತಳ ತಲುಪುವಾಗ ಪೆಟ್ಟಿಗೆಯ ವೇಗ ಎಷ್ಟು?

ಬೇಕಾದ ಸಾಮಾನು

ಪೆನ್ಸಿಲು, ರಬ್ಬರು, ಸ್ಕೇಲು, ಒಂದು ಬದಿ ಖಾಲಿ ಇರುವ ಹಾಳೆಗಳು. ಶುರುವಿನಲ್ಲಿ ಕ್ಯಾಲ್ಕುಲೇಟರ್ ಬೇಡ. ಗುರುತ್ವದ ವೇಗೋತ್ಕರ್ಷವನ್ನು 10 ಅಂತ ಹಿಡಿದು ಕೈಯಲ್ಲೇ ಮಾಡಿ. ಪ್ರಶ್ನೆಯಲ್ಲಿ 9.8 ಅಂತ ಕೊಟ್ಟಿದ್ದರೆ ಮಾತ್ರ 9.8. 30, 45, 60 ಡಿಗ್ರಿಗಳ ಸೈನ್ ಮತ್ತು ಕಾಸ್ ಬೆಲೆಗಳು ಬಾಯಲ್ಲಿರಲಿ.

ಹಂತ 1: ಪ್ರಶ್ನೆಯಲ್ಲಿ ಅಡಗಿರುವುದನ್ನು ಹೊರಗೆ ತನ್ನಿ

ಪ್ರಶ್ನೆಯಲ್ಲಿ ಅಂಕಿಗಳಷ್ಟೇ ಮುಖ್ಯವಾದ ಪದಗಳಿರುತ್ತವೆ. ‘ನುಣುಪಾದ’ ಎಂದರೆ ಘರ್ಷಣೆ ಸೊನ್ನೆ. ‘ಹಗುರ ದಾರ’ ಎಂದರೆ ದಾರದ ದ್ರವ್ಯರಾಶಿ ಸೊನ್ನೆ, ಹಾಗಾಗಿ ಅದರ ಎರಡೂ ತುದಿಯಲ್ಲಿ ಟೆನ್ಷನ್ (ದಾರ ಎಳೆಯುವ ಬಲ) ಒಂದೇ. ‘ನಿಂತ ಸ್ಥಿತಿಯಿಂದ’ ಎಂದರೆ ಮೊದಲ ವೇಗ ಸೊನ್ನೆ. ‘ಏಕರೂಪ ವೇಗ’ ಎಂದರೆ ನಿವ್ವಳ ಬಲ ಸೊನ್ನೆ. ಈ ಕೊನೆಯದನ್ನು ಓದಿಯೂ ಬಿಟ್ಟುಬಿಡುವವರು ತುಂಬ ಜನ.

ಏಕಮಾನಗಳನ್ನು ಈಗಲೇ ಸರಿಮಾಡಿ. ಗಂಟೆಗೆ ಕಿಲೋಮೀಟರ್ ಲೆಕ್ಕದ ವೇಗವನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ ಮೀಟರ್ ಸಿಗುತ್ತದೆ. 72 ಕಿಮೀ ಅಂದರೆ 20 ಮೀಟರ್. ಗ್ರಾಂ ಇದ್ದರೆ ಕೆಜಿ, ಸೆಂಟಿಮೀಟರ್ ಇದ್ದರೆ ಮೀಟರ್. ಆಮೇಲೆ ಮಾಡೋಣ ಅಂದುಕೊಂಡರೆ ಮರೆತೇಹೋಗುತ್ತದೆ.

ಹಂತ 2: ಯಾವ ವಸ್ತುವಿನ ಲೆಕ್ಕ ಅಂತ ತೀರ್ಮಾನಿಸಿ

ಒಂದೇ ವಸ್ತು ಇದ್ದರೆ ಯೋಚನೆಯೇ ಇಲ್ಲ. ಎರಡು ಇದ್ದಾಗ ಗೊಂದಲ. ನುಣುಪಾದ ನೆಲದ ಮೇಲೆ 3 ಕೆಜಿ ಮತ್ತು 2 ಕೆಜಿಯ ಎರಡು ಪೆಟ್ಟಿಗೆಗಳನ್ನು ದಾರದಿಂದ ಕಟ್ಟಿ, ಮುಂದಿರುವ 3 ಕೆಜಿಯದನ್ನು 20 ನ್ಯೂಟನ್ ಬಲದಿಂದ ಎಳೆಯುತ್ತಾರೆ ಅಂದುಕೊಳ್ಳಿ. ವೇಗೋತ್ಕರ್ಷ ಬೇಕಿದ್ದರೆ ಎರಡನ್ನೂ ಸೇರಿಸಿ ಒಂದೇ ವಸ್ತು ಅಂತ ನೋಡಿ. 20 ಭಾಗಿಸು 5, ಅಂದರೆ 4 ಮೀ/ಸೆ². ಆಗ ನಡುವಿನ ದಾರದ ಟೆನ್ಷನ್ ಒಳಗಿನ ಬಲ, ಅದು ಲೆಕ್ಕಕ್ಕೆ ಬರುವುದೇ ಇಲ್ಲ. ಟೆನ್ಷನ್ ಬೇಕು ಅಂದರೆ ಹಿಂದಿನ ಪೆಟ್ಟಿಗೆಯನ್ನು ಮಾತ್ರ ಬೇರೆ ಮಾಡಿ. ಅದನ್ನು ಎಳೆಯುವುದು ದಾರ ಒಂದೇ. 2 ಗುಣಿಸು 4, ಅಂದರೆ 8 ನ್ಯೂಟನ್. ಮುಂದಿನ ಪೆಟ್ಟಿಗೆಯಲ್ಲಿ ತಾಳೆ ನೋಡಿ: 20ರಲ್ಲಿ 8 ಕಳೆದರೆ 12, ಅದು 3 ಗುಣಿಸು 4ಕ್ಕೆ ಸಮ. ಸರಿಹೋಯಿತು.

ಎಳೆಯುವ 20 ನ್ಯೂಟನ್ ದಾರದಲ್ಲೂ ಹಾಗೇ ಸಾಗಿಬರುತ್ತದೆ ಅಂತ ಬರೆಯುವುದು ಇಲ್ಲಿನ ಮಾಮೂಲಿ ತಪ್ಪು. ಹಿಂದಿನ ಪೆಟ್ಟಿಗೆಗೆ 20 ಸಿಕ್ಕರೆ ಅದು 10 ಮೀ/ಸೆ² ವೇಗೋತ್ಕರ್ಷದಿಂದ ಹೊರಟು ಮುಂದಿನದಕ್ಕೆ ಗುದ್ದಬೇಕಿತ್ತು, ಅಲ್ವಾ?

ಹಂತ 3: ಫ್ರೀ ಬಾಡಿ ಡಯಾಗ್ರಮ್

ಇದಕ್ಕೆ ಜಾಸ್ತಿ ಸಮಯ ಕೊಡಿ. ಅರ್ಧಕ್ಕಿಂತ ಜಾಸ್ತಿ ತಪ್ಪು ಇಲ್ಲೇ ಹುಟ್ಟುತ್ತದೆ ಅನ್ನುವುದು ನನ್ನ ಅಂದಾಜು.

ವಸ್ತುವನ್ನು ಒಂದು ಚುಕ್ಕೆಯಾಗಿ ಬರೆಯಿರಿ. ಹಲಗೆ, ನೆಲ, ದಾರ ಯಾವುದೂ ಬೇಡ. ಆ ಚುಕ್ಕೆಯ ಮೇಲೆ ಹೊರಗಿನವರು ಹಾಕುವ ಬಲಗಳನ್ನು ಮಾತ್ರ ಬಾಣವಾಗಿ ಎಳೆಯಿರಿ. ಕ್ರಮ ಹೀಗಿರಲಿ. ಮೊದಲು ತೂಕ, ಯಾವಾಗಲೂ ನೇರ ಕೆಳಕ್ಕೆ. ಆಮೇಲೆ ವಸ್ತುವಿನ ಸುತ್ತ ಬೆರಳು ಓಡಿಸಿ. ಬೆರಳು ಎಲ್ಲೆಲ್ಲಿ ಇನ್ನೊಂದು ವಸ್ತುವಿಗೆ ತಾಗುತ್ತದೋ ಅಲ್ಲೆಲ್ಲ ಒಂದು ಬಲ ಇರಬಹುದು. ಮೇಲ್ಮೈ ತಾಗಿದರೆ ಅದಕ್ಕೆ ಲಂಬವಾಗಿ ನಾರ್ಮಲ್ ಬಲ, ಒರಟಾಗಿದ್ದರೆ ಅದರ ಉದ್ದಕ್ಕೆ ಘರ್ಷಣೆ. ದಾರ ತಾಗಿದರೆ ವಸ್ತುವಿನಿಂದ ಹೊರಕ್ಕೆ ಟೆನ್ಷನ್. ದಾರ ಎಳೆಯುತ್ತದೆ, ಎಂದೂ ತಳ್ಳುವುದಿಲ್ಲ. ನಮ್ಮ ಪೆಟ್ಟಿಗೆಗೆ ಮೂರು ಬಾಣ ಬರುತ್ತದೆ: ತೂಕ 50 ನ್ಯೂಟನ್ ಕೆಳಕ್ಕೆ, ನಾರ್ಮಲ್ ಹಲಗೆಗೆ ಲಂಬವಾಗಿ, ಘರ್ಷಣೆ ಹಲಗೆಯ ಉದ್ದಕ್ಕೂ ಮೇಲ್ಮುಖವಾಗಿ.

ಪ್ರತಿ ಬಾಣಕ್ಕೂ ಒಂದು ಪ್ರಶ್ನೆ ಕೇಳಿ: ಈ ಬಲವನ್ನು ಹಾಕುತ್ತಿರುವುದು ಯಾರು? ಭೂಮಿ, ಹಲಗೆ, ದಾರ, ಕೈ ಅಂತ ಒಂದು ಹೆಸರು ಬರಬೇಕು. ಹೆಸರು ಬರದಿದ್ದರೆ ಆ ಬಾಣ ಸುಳ್ಳು. ಅಳಿಸಿ.

ಈ ಪ್ರಶ್ನೆ ಹಿಡಿದುಕೊಡುವ ಕಳ್ಳಬಾಣಗಳು ಇವು. ಒಂದು, ‘ಚಲನೆಯ ಬಲ’. ಮೇಲಕ್ಕೆ ಎಸೆದ ಚೆಂಡು ಕೈಬಿಟ್ಟ ಮೇಲೆ ಮೇಲೆ ಹೋಗುತ್ತಿದ್ದರೂ ಅದನ್ನು ಮೇಲಕ್ಕೆ ತಳ್ಳುವವರು ಯಾರೂ ಇಲ್ಲ. ಗಾಳಿಯ ತಡೆ ಬಿಟ್ಟರೆ ತೂಕ ಒಂದೇ. ತುತ್ತತುದಿಯಲ್ಲಿ ವೇಗ ಸೊನ್ನೆ ಆದಾಗಲೂ ತೂಕ ಹಾಗೇ ಇರುತ್ತದೆ, ವೇಗೋತ್ಕರ್ಷವೂ 10 ಕೆಳಕ್ಕೆ ಹಾಗೇ ಇರುತ್ತದೆ. ಎರಡು, ‘ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ’ ಅನ್ನುವುದನ್ನೇ ಒಂದು ಬಾಣ ಮಾಡುವುದು. ಅದು ಬಲಗಳೆಲ್ಲ ಸೇರಿ ಆಗುವ ಫಲ, ಇನ್ನೊಂದು ಬಲ ಅಲ್ಲ. ಮೂರು, ವೃತ್ತದ ಚಲನೆಯಲ್ಲಿ ‘ಕೇಂದ್ರಾಭಿಮುಖ ಬಲ’ ಅಂತ ಬೇರೆ ಬಾಣ ಸೇರಿಸುವುದು. ಸ್ಕೂಟರ್ ತಿರುವಿನಲ್ಲಿ ಹೋಗುವಾಗ ಕೇಂದ್ರದ ಕಡೆ ಎಳೆಯುವುದು ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ. ಕೇಂದ್ರಾಭಿಮುಖ ಅನ್ನುವುದು ಆ ಘರ್ಷಣೆ ಮಾಡುವ ಕೆಲಸದ ಹೆಸರು ಅಷ್ಟೆ. ಎರಡನ್ನೂ ಬರೆದರೆ ಒಂದೇ ಬಲವನ್ನು ಎರಡು ಸಲ ಎಣಿಸಿದಂತೆ.

ಮೂರನೇ ನಿಯಮದ ಜೋಡಿಯೂ ಇಲ್ಲೇ ಕಾಟ ಕೊಡುತ್ತದೆ. ಮೇಜಿನ ಮೇಲಿರುವ ಪುಸ್ತಕದ ತೂಕ ಮತ್ತು ನಾರ್ಮಲ್ ಬಲ ಕ್ರಿಯೆ-ಪ್ರತಿಕ್ರಿಯೆ ಜೋಡಿ ಅಂತ ಬರೆಯುತ್ತಾರೆ. ತಪ್ಪು. ಎರಡೂ ಒಂದೇ ಪುಸ್ತಕದ ಮೇಲೆ ಕೆಲಸ ಮಾಡುತ್ತಿವೆ. ಜೋಡಿ ಬಲಗಳು ಯಾವಾಗಲೂ ಎರಡು ಬೇರೆ ವಸ್ತುಗಳ ಮೇಲೆ ಇರುತ್ತವೆ. ಭೂಮಿ ಪುಸ್ತಕವನ್ನು ಎಳೆದರೆ ಪುಸ್ತಕ ಭೂಮಿಯನ್ನು ಎಳೆಯುತ್ತದೆ. ಹಾಗಾಗಿ ಒಂದೇ ಫ್ರೀ ಬಾಡಿ ಡಯಾಗ್ರಮ್‌ನಲ್ಲಿ ಜೋಡಿಯ ಎರಡೂ ಬಲ ಕಾಣಿಸಿದರೆ, ಚಿತ್ರ ತಪ್ಪಿದೆ ಅಂತಲೇ ಲೆಕ್ಕ.

ಹಂತ 4: ಅಕ್ಷಗಳನ್ನು ಹಾಕಿ, ಬಲಗಳನ್ನು ಒಡೆಯಿರಿ

ವೇಗೋತ್ಕರ್ಷ ಯಾವ ದಿಕ್ಕಿಗೋ ಒಂದು ಅಕ್ಷ ಆ ದಿಕ್ಕಿಗೆ ಇರಲಿ. ಇಳಿಜಾರಿನಲ್ಲಿ ಹಲಗೆಯ ಉದ್ದಕ್ಕೆ ಒಂದು, ಅದಕ್ಕೆ ಲಂಬವಾಗಿ ಇನ್ನೊಂದು. ಹೀಗೆ ಮಾಡಿದರೆ ತೂಕ ಒಂದನ್ನು ಒಡೆದರೆ ಸಾಕು. ಯಾವ ಕಡೆ ಧನ ಅಂತ ಬಾಣದ ಪಕ್ಕ ಬರೆದಿಡಿ. ನಡುವೆ ಬದಲಿಸಬೇಡಿ.

ಸೈನ್ ಯಾವುದು, ಕಾಸ್ ಯಾವುದು ಅಂತ ಬಾಯಿಪಾಠ ಮಾಡುವ ಅಗತ್ಯ ಇಲ್ಲ. ಹಲಗೆಯನ್ನು ಮನಸ್ಸಿನಲ್ಲೇ ಪೂರ್ತಿ ಮಲಗಿಸಿ. ಕೋನ ಸೊನ್ನೆ ಆದಾಗ ಜಾರಿಸುವ ಬಲವೂ ಸೊನ್ನೆ ಆಗಬೇಕು. ಸೊನ್ನೆಗೆ ಸೊನ್ನೆ ಕೊಡುವುದು ಸೈನ್. ಹಾಗಾಗಿ ಹಲಗೆಯ ಉದ್ದಕ್ಕೆ 50 ಗುಣಿಸು ಸೈನ್ 30, ಅಂದರೆ 25 ನ್ಯೂಟನ್. ಲಂಬವಾಗಿ 50 ಗುಣಿಸು ಕಾಸ್ 30, ಅಂದರೆ 43.3 ನ್ಯೂಟನ್. ಒಡೆದ ಮೇಲೆ ಮೂಲ ತೂಕದ ಬಾಣವನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿ. ಇಲ್ಲದಿದ್ದರೆ ಅದನ್ನೂ ಸೇರಿಸಿಬಿಡುತ್ತೀರಿ.

ಹಂತ 5: ನಾರ್ಮಲ್ ಮತ್ತು ಘರ್ಷಣೆಯನ್ನು ಅನುಮಾನದಿಂದ ನೋಡಿ

ನಾರ್ಮಲ್ ಬಲ ತೂಕಕ್ಕೆ ಸಮ ಅಂತ ಕಣ್ಣು ಮುಚ್ಚಿ ಬರೆಯುವ ಅಭ್ಯಾಸ ಬಿಡಿ. ಅದನ್ನು ಪ್ರತಿ ಸಲವೂ ಲಂಬ ದಿಕ್ಕಿನ ಸಮೀಕರಣದಿಂದ ಕಂಡುಹಿಡಿಯಬೇಕು. 20 ಕೆಜಿಯ ಸೂಟ್‌ಕೇಸನ್ನು 30 ಡಿಗ್ರಿ ಮೇಲ್ಮುಖವಾಗಿ 80 ನ್ಯೂಟನ್ ಬಲದಿಂದ ಎಳೆದರೆ ನಾರ್ಮಲ್ 200ರಲ್ಲಿ 40 ಕಳೆದು 160. ಅದೇ 80 ನ್ಯೂಟನ್‌ನಿಂದ 30 ಡಿಗ್ರಿ ಕೆಳಮುಖವಾಗಿ ತಳ್ಳಿದರೆ 240. ಸೂಟ್‌ಕೇಸು ಜಾರುತ್ತಿದ್ದು ಗುಣಾಂಕ 0.3 ಆಗಿದ್ದರೆ ಘರ್ಷಣೆ (ಗುಣಾಂಕ ಗುಣಿಸು ನಾರ್ಮಲ್) ಎಳೆದಾಗ 48, ತಳ್ಳಿದಾಗ 72. ತಳ್ಳುವುದಕ್ಕಿಂತ ಎಳೆಯುವುದು ಸುಲಭ ಅನ್ನುವುದರ ಲೆಕ್ಕ ಇದೇ.

ಲಿಫ್ಟಿನ ಪ್ರಶ್ನೆಯೂ ಇದೇ ಜಾತಿ. 60 ಕೆಜಿಯ ವ್ಯಕ್ತಿ ತೂಕದ ಯಂತ್ರದ ಮೇಲೆ ನಿಂತಿದ್ದು ಲಿಫ್ಟು 2 ಮೀ/ಸೆ² ವೇಗೋತ್ಕರ್ಷದಿಂದ ಮೇಲೆ ಹೊರಟರೆ ನಾರ್ಮಲ್ 720 ನ್ಯೂಟನ್. ಯಂತ್ರ 72 ಕೆಜಿ ಅಂತ ತೋರಿಸುತ್ತದೆ. ಇಲ್ಲಿ ನೋಡಬೇಕಾದ್ದು ವೇಗೋತ್ಕರ್ಷದ ದಿಕ್ಕು, ಲಿಫ್ಟು ಹೋಗುವ ದಿಕ್ಕು ಅಲ್ಲ. ಕೆಳಗಿಳಿಯುತ್ತಾ ನಿಧಾನವಾಗುವ ಲಿಫ್ಟಿನ ವೇಗೋತ್ಕರ್ಷ ಮೇಲ್ಮುಖವೇ.

ಘರ್ಷಣೆಯದು ಇನ್ನೂ ದೊಡ್ಡ ಬಲೆ. ನೆಲದ ಮೇಲೆ 10 ಕೆಜಿಯ ಪೆಟ್ಟಿಗೆ ನಿಂತಿದೆ. ನಿಂತಾಗಿನ ಘರ್ಷಣಾ ಗುಣಾಂಕ 0.5. ಅಡ್ಡಲಾಗಿ 20 ನ್ಯೂಟನ್‌ನಿಂದ ತಳ್ಳುತ್ತೀರಿ. ಘರ್ಷಣೆ ಎಷ್ಟು? 0.5 ಗುಣಿಸು 100, ಅಂದರೆ 50 ಅಂತ ಬರೆಯುವವರೇ ಹೆಚ್ಚು. ಹಾಗಿದ್ದರೆ ಮುಂದಕ್ಕೆ 20, ಹಿಂದಕ್ಕೆ 50. ಪೆಟ್ಟಿಗೆ ನಿಮ್ಮ ಕಡೆಗೇ ಓಡಿಬರಬೇಕು! 50 ಅನ್ನುವುದು ಗರಿಷ್ಠ ಮಿತಿ. ನಿಂತಾಗಿನ ಘರ್ಷಣೆ ಅಗತ್ಯ ಇದ್ದಷ್ಟು ಮಾತ್ರ ಹುಟ್ಟುತ್ತದೆ. ಇಲ್ಲಿ ಉತ್ತರ 20.

ಹಾಗಾಗಿ ಕ್ರಮ ಹೀಗೆ. ಮೊದಲು ಮಿತಿ ಕಂಡುಹಿಡಿಯಿರಿ. ತಳ್ಳುವ ಬಲ ಅದಕ್ಕಿಂತ ಕಡಿಮೆ ಇದ್ದರೆ ವಸ್ತು ನಿಂತೇ ಇರುತ್ತದೆ, ಘರ್ಷಣೆ ತಳ್ಳುವ ಬಲಕ್ಕೆ ಸಮ. ಮಿತಿ ದಾಟಿದರೆ ಜಾರುತ್ತದೆ, ಆಗ ಜಾರುವಾಗಿನ ಗುಣಾಂಕ ಬಳಸಿ.

ದಿಕ್ಕನ್ನೂ ಮರೆಯಬೇಡಿ. ನಮ್ಮ ಪೆಟ್ಟಿಗೆ ಕೆಳಗೆ ಜಾರುವಾಗ ಘರ್ಷಣೆ 0.2 ಗುಣಿಸು 43.3, ಅಂದರೆ 8.66 ನ್ಯೂಟನ್ ಮೇಲ್ಮುಖ. ನಿವ್ವಳ 16.34, ವೇಗೋತ್ಕರ್ಷ 3.27 ಮೀ/ಸೆ². ಅದೇ ಪೆಟ್ಟಿಗೆಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿ ಬಿಟ್ಟರೆ, ಮೇಲೇರುವಾಗ ಘರ್ಷಣೆಯೂ ಕೆಳಮುಖ. 25 ಮತ್ತು 8.66 ಕೂಡಿ 33.66, ಅಂದರೆ 6.73 ಮೀ/ಸೆ² ಹಿಂದಕ್ಕೆ. ಏರುವುದಕ್ಕೂ ಇಳಿಯುವುದಕ್ಕೂ ಒಂದೇ ಸಮೀಕರಣ ಬಳಸಿದರೆ ಉತ್ತರ ಸಿಗುವುದಿಲ್ಲ.

ಹಂತ 6: ಮೂರರಲ್ಲಿ ಯಾವ ದಾರಿ?

ಈಗ ದಾರಿ ಆರಿಸಿ. ವೇಗೋತ್ಕರ್ಷ, ಟೆನ್ಷನ್, ನಾರ್ಮಲ್ ಕೇಳಿದರೆ ಬಲದ ದಾರಿ. ಮೊದಲು ಎಲ್ಲಿತ್ತು, ಕೊನೆಗೆ ಎಲ್ಲಿದೆ, ವೇಗ ಎಷ್ಟು ಅಂತ ಮಾತ್ರ ಕೇಳಿ, ಸಮಯದ ಸುದ್ದಿ ಇಲ್ಲದಿದ್ದರೆ ಶಕ್ತಿಯ ದಾರಿ ಚಿಕ್ಕದು. ಡಿಕ್ಕಿ, ಸ್ಫೋಟ, ಅಂಟಿಕೊಳ್ಳುವುದು, ಗುಂಡು ಹಾರುವುದು ಕಂಡರೆ ಸಂವೇಗ, ಅಂದರೆ ದ್ರವ್ಯರಾಶಿ ಗುಣಿಸು ವೇಗ.

ಮೂರಕ್ಕೂ ಹಂತ 3ರ ಚಿತ್ರ ಬೇಕು. ಶಕ್ತಿಯ ದಾರಿಯಲ್ಲಿ ಯಾವ ಬಲ ಕೆಲಸ ಮಾಡುತ್ತದೆ ಅಂತ ಚಿತ್ರವೇ ಹೇಳುತ್ತದೆ. ಚಲನೆಗೆ ಲಂಬವಾಗಿರುವ ನಾರ್ಮಲ್ ಇಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಘರ್ಷಣೆ ಶಕ್ತಿಯನ್ನು ತಿನ್ನುತ್ತದೆ. ಸಂವೇಗದ ದಾರಿಯಲ್ಲಿ ಹೊರಗಿನ ಬಲ ಇದೆಯೋ ಇಲ್ಲವೋ ಅಂತ ನೋಡಬೇಕು.

ಕೆಲವು ಲೆಕ್ಕಗಳಿಗೆ ಎರಡು ದಾರಿ ಒಂದರ ಹಿಂದೆ ಒಂದು ಬೇಕಾಗುತ್ತದೆ. 10 ಗ್ರಾಂ ಗುಂಡು 300 ಮೀ/ಸೆ ವೇಗದಲ್ಲಿ ಬಂದು, ದಾರಕ್ಕೆ ನೇತುಹಾಕಿದ 1.99 ಕೆಜಿ ಮರದ ತುಂಡಿನೊಳಗೆ ಸಿಕ್ಕಿಕೊಳ್ಳುತ್ತದೆ. ತುಂಡು ಎಷ್ಟು ಎತ್ತರಕ್ಕೆ ಏರುತ್ತದೆ? ಶುರುವಿನಿಂದಲೇ ಶಕ್ತಿ ಬಳಸಿದರೆ ಗುಂಡಿನ 450 ಜೂಲ್ ಅಷ್ಟೂ ಎತ್ತರಕ್ಕೆ ಹೋಗಿ 22.5 ಮೀಟರ್ ಬರುತ್ತದೆ. ಮರದ ತುಂಡು ಏಳಂತಸ್ತಿನ ಕಟ್ಟಡದಷ್ಟು ಎತ್ತರಕ್ಕೆ! ಸರಿಯಾದ ದಾರಿಯಲ್ಲಿ ಡಿಕ್ಕಿಗೆ ಸಂವೇಗ: 0.01 ಗುಣಿಸು 300, ಅಂದರೆ 3. ಅದನ್ನು ಒಟ್ಟು 2 ಕೆಜಿಯಿಂದ ಭಾಗಿಸಿದರೆ 1.5 ಮೀ/ಸೆ. ಡಿಕ್ಕಿ ಮುಗಿದ ಮೇಲೆ ಶಕ್ತಿ: ಉಳಿದಿರುವುದು 2.25 ಜೂಲ್ ಮಾತ್ರ, ಎತ್ತರ ಸುಮಾರು 11 ಸೆಂಟಿಮೀಟರ್. ಮಿಕ್ಕ 447.75 ಜೂಲ್ ಮರವನ್ನು ಸೀಳುವುದರಲ್ಲಿ, ಶಾಖದಲ್ಲಿ, ಸದ್ದಿನಲ್ಲಿ ಹೋಯಿತು. ಅಂಟಿಕೊಂಡರೆ ಚಲನಶಕ್ತಿ ಉಳಿಯುವುದಿಲ್ಲ, ಸಂವೇಗ ಉಳಿಯುತ್ತದೆ. ‘ಸ್ಥಿತಿಸ್ಥಾಪಕ’ (ಚಲನಶಕ್ತಿ ಕಳೆದುಹೋಗದ ಡಿಕ್ಕಿ) ಅಂತ ಪ್ರಶ್ನೆಯಲ್ಲೇ ಹೇಳಿದ್ದರೆ ಮಾತ್ರ ಡಿಕ್ಕಿಯ ಹೊತ್ತಿನಲ್ಲಿ ಎರಡನ್ನೂ ಬಳಸಿ.

ಸಂವೇಗಕ್ಕೆ ದಿಕ್ಕು ಇದೆ. 0.16 ಕೆಜಿಯ ಕ್ರಿಕೆಟ್ ಚೆಂಡು 20 ಮೀ/ಸೆ ವೇಗದಲ್ಲಿ ಬಂದು, ಬ್ಯಾಟಿಗೆ ಬಡಿದು 25 ಮೀ/ಸೆ ವೇಗದಲ್ಲಿ ಹಿಂದಕ್ಕೆ ಹೋದರೆ ವೇಗದ ಬದಲಾವಣೆ 45, ಬರೀ 5 ಅಲ್ಲ. ಸಂವೇಗದ ಬದಲಾವಣೆ 7.2 ಕೆಜಿ ಮೀ/ಸೆ.

ಹಂತ 7: ಸಮೀಕರಣ, ಕೊನೆಗೆ ಅಂಕಿ

ಮೊದಲು ಅಕ್ಷರಗಳಲ್ಲೇ ಬರೆದು ಬೇಕಾದ್ದನ್ನು ಒಂದು ಕಡೆ ತನ್ನಿ. ಅಂಕಿ ಹಾಕುವುದು ಕೊನೆಯ ಸಾಲಿನಲ್ಲಿ. ಎಷ್ಟೋ ಲೆಕ್ಕಗಳಲ್ಲಿ ದ್ರವ್ಯರಾಶಿ ತಾನಾಗಿ ಹೊಡೆದುಹೋಗುತ್ತದೆ, ಕೆಲಸ ಉಳಿಯುತ್ತದೆ. ನಮ್ಮ ಲೆಕ್ಕದಲ್ಲೂ ಹೋಗುತ್ತದೆ.

ಶಕ್ತಿಯ ದಾರಿ: 10 ಮೀಟರ್ ಹಲಗೆ, 30 ಡಿಗ್ರಿ, ಹಾಗಾಗಿ ಎತ್ತರ 5 ಮೀಟರ್. ತೂಕ ಮಾಡಿದ ಕೆಲಸ 50 ಗುಣಿಸು 5, ಅಂದರೆ 250 ಜೂಲ್. ಘರ್ಷಣೆ ತಿಂದಿದ್ದು 8.66 ಗುಣಿಸು 10, ಅಂದರೆ 86.6. ಉಳಿದದ್ದು 163.4 ಜೂಲ್. ಅದು ಚಲನಶಕ್ತಿ. ವೇಗದ ವರ್ಗ 65.4, ವೇಗ ಸುಮಾರು 8.1 ಮೀ/ಸೆ.

ಹಂತ 8: ಉತ್ತರವನ್ನು ನಂಬಬೇಡಿ

ಇನ್ನೊಂದು ದಾರಿಯಲ್ಲಿ ನೋಡಿ. ವೇಗೋತ್ಕರ್ಷ 3.27, ದೂರ 10, ನಿಂತ ಸ್ಥಿತಿಯಿಂದ ಶುರು. 2 ಗುಣಿಸು 3.27 ಗುಣಿಸು 10, ಅಂದರೆ 65.4. ಅದೇ ಉತ್ತರ.

ಎರಡನೇ ದಾರಿಗೆ ಸಮಯ ಇಲ್ಲದಿದ್ದರೆ ತುದಿಗಳಲ್ಲಿ ಪರೀಕ್ಷೆ ಮಾಡಿ. ಘರ್ಷಣೆ ಪೂರ್ತಿ ತೆಗೆದರೆ ವೇಗ 10 ಮೀ/ಸೆ ಬರಬೇಕು. ನಮ್ಮದು ಅದಕ್ಕಿಂತ ಕಡಿಮೆ ಇದೆ, ಸರಿ.

ಈ ಲಕ್ಷಣ ಕಂಡರೆ ತಕ್ಷಣ ಚಿತ್ರಕ್ಕೆ ವಾಪಸ್ ಹೋಗಿ: ತನ್ನಷ್ಟಕ್ಕೆ ಜಾರುವ ವಸ್ತುವಿನ ವೇಗೋತ್ಕರ್ಷ 10ಕ್ಕಿಂತ ಜಾಸ್ತಿ ಬಂದಿದೆ; ದಾರದ ಟೆನ್ಷನ್ ಋಣ ಬಂದಿದೆ; ನಾರ್ಮಲ್ ಋಣ ಬಂದಿದೆ (ಅಂದರೆ ವಸ್ತು ಮೇಲ್ಮೈ ಬಿಟ್ಟು ಎದ್ದಿದೆ); ವರ್ಗಮೂಲದೊಳಗೆ ಋಣ ಸಂಖ್ಯೆ ಸಿಕ್ಕಿದೆ; ಅಂಟಿಕೊಳ್ಳುವ ಡಿಕ್ಕಿಯ ನಂತರ ಚಲನಶಕ್ತಿ ಹೆಚ್ಚಾಗಿದೆ. ಸುಮ್ನೆ ಚಿಹ್ನೆ ಬದಲಿಸಿ ಉತ್ತರ ‘ಸರಿಮಾಡುವ’ ಕೆಲಸಕ್ಕೆ ಹೋಗಬೇಡಿ. ಋಣ ಚಿಹ್ನೆ ಏನೋ ಹೇಳುತ್ತಿರುತ್ತದೆ.

ಮಾಡಿ ನೋಡಲು

ಕೆಳಗಿನ ಮೂರನ್ನೂ ಚಿತ್ರ ಬರೆದೇ ಮಾಡಿ. ಗುರುತ್ವ 10 ಅಂತ ಇರಲಿ.

1. ನುಣುಪಾದ ಹಗುರ ರಾಟೆಯ ಮೇಲೆ ಹಾಯ್ದ ಹಗುರ ದಾರದ ತುದಿಗಳಲ್ಲಿ 3 ಕೆಜಿ ಮತ್ತು 2 ಕೆಜಿ ತೂಗುತ್ತಿವೆ. ಬಿಟ್ಟಾಗ ವೇಗೋತ್ಕರ್ಷ, ಟೆನ್ಷನ್ ಎಷ್ಟು? ಉತ್ತರ 2 ಮೀ/ಸೆ² ಮತ್ತು 24 ನ್ಯೂಟನ್. ಟೆನ್ಷನ್ 30 ಬಂದಿದ್ದರೆ 3 ಕೆಜಿಯದು ಅಲ್ಲಾಡದೆ ನಿಂತಿದೆ ಅಂತ ನೀವು ಒಪ್ಪಿಕೊಂಡಂತೆ.

2. 50 ಕೆಜಿಯ ವ್ಯಕ್ತಿ ಇರುವ ಲಿಫ್ಟು ಇಳಿಯುತ್ತಾ 2 ಮೀ/ಸೆ² ದರದಲ್ಲಿ ನಿಧಾನವಾಗುತ್ತಿದೆ. ತೂಕದ ಯಂತ್ರ ಎಷ್ಟು ತೋರಿಸುತ್ತದೆ? ಉತ್ತರ 60 ಕೆಜಿ. 40 ಬಂದಿದ್ದರೆ ಹಂತ 5ನ್ನು ಮತ್ತೆ ಓದಿ.

3. ಅರ್ಧ ಕೆಜಿಯ ಚೆಂಡು 5 ಮೀಟರ್ ಎತ್ತರದಿಂದ ಬಿದ್ದು 3.2 ಮೀಟರಿಗೆ ಪುಟಿಯುತ್ತದೆ. ನೆಲಕ್ಕೆ ತಾಗಿದ್ದು 0.01 ಸೆಕೆಂಡ್. ನೆಲ ಹಾಕಿದ ಸರಾಸರಿ ಬಲ ಎಷ್ಟು? ಬೀಳುವಾಗಿನ ವೇಗ 10, ಏಳುವಾಗ 8, ಸಂವೇಗದ ಬದಲಾವಣೆ 9, ಹಾಗಾಗಿ ನಿವ್ವಳ ಬಲ 900 ನ್ಯೂಟನ್. ನೆಲದ ಬಲ 905. ಆ 5 ಎಲ್ಲಿಂದ ಬಂತು ಅಂತ ನಿಮ್ಮ ಫ್ರೀ ಬಾಡಿ ಡಯಾಗ್ರಮ್‌ನಲ್ಲಿ ಹುಡುಕಿ.